ಸ್ನೋವೈಟ್ ಎಲ್ಲಿ?

ಪುಸ್ತಕ, ನಾಟಕ, ಅಪರೂಪಕ್ಕೊಮ್ಮೆ ಒಂದು ಚಲಚ್ಚಿತ್ರ - ಇವುಗಳ ಗುಣದೋಷಗಳನ್ನು ಹೇಳುವುದು ನನಗೆ ರೂಢಿಯಾದ ಕೆಲಸ. ಮಕ್ಕಳನ್ನು ಕರೆದುಕೊಂಡು ಹೋಗುವ ಒಂದು ವಿನೋದವನವನ್ನು ಈ ಸಲ ವಿಮರ್ಶೆಗೆ ಎತ್ತಿಕೊಂಡರೆ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. 'ಜಾತ್ರೆಯ ತೊಟ್ಟಿಲಿಗೂ ವಿಮರ್ಶೆಯೇ?' ಎಂದು ಕೇಳಬಹುದು. ಕೇಳಲಿ. ಅಲ್ಲಿ ಕಥೆಯಿದೆ, ಪಾತ್ರಗಳಿವೆ, ರಂಗಸಜ್ಜಿಕೆಯಿದೆ, ದೀಪದ ಚಮತ್ಕಾರವಿದೆ, ಹಾಡಿದೆ. ದುಡ್ಡು ಕೊಟ್ಟು ಒಳಗೆ ಬಂದ ಪ್ರೇಕ್ಷಕನೂ ಇದ್ದಾನೆ. ಇಷ್ಟೆಲ್ಲ ಇರುವ ಕಡೆ ವಿಮರ್ಶಕನೊಬ್ಬ ಮಾತ್ರ ಇರಕೂಡದೆಂದರೆ ಅದು ಯಾವ ನ್ಯಾಯ?

ನಾನು ಹೇಳಹೊರಟಿರುವುದು ಕ್ಯಾಲಿಫೋರ್ನಿಯದ ಆನಾಹೈಮ್ ಎಂಬ ಊರಿನಲ್ಲಿರುವ ಡಿಸ್ನಿಲ್ಯಾಂಡನ್ನು ಕುರಿತು. ಲಾಸ್ ಏಂಜಲಿಸ್ ನಗರದ ಹೊರವಲಯದಲ್ಲಿ ನನ್ನ ಅಕ್ಕ ಸಂಸಾರ ಹೂಡಿ ಬಹಳ ವರ್ಷಗಳಾದವು. ಮಗಳ ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋಗಿದ್ದೆವು. ಹೋಗಬೇಕಾಗಿದ್ದ ದಿನ ನನ್ನ ಹೆಂಡತಿಗೆ ನೆಗಡಿ, ಅಕ್ಕನಿಗೆ ಆಫೀಸು. ಕಡೆಗೆ ನಾನು, ನನ್ನ ಮಗಳು ಪುಟ್ಟಿ, ಒಂದು ಡಬ್ಬಿ ಪುಳಿಯೋಗರೆ - ಇಷ್ಟೇ ನಮ್ಮ ತಂಡ. ಅಕ್ಕ ಬಾಗಿಲವರೆಗೆ ಕಾರಿನಲ್ಲಿ ತಂದು ಬಿಟ್ಟು, "ವಿಮರ್ಶೆ ಗಿಮರ್ಶೆ ಅಂತ ಮಗೂನ ಗೋಳು ಹುಯ್ಕೋಬೇಡ ಕಣೋ" ಎಂದು ಹೇಳಿಯೇ ಹೋದಳು. ಆ ಮಾತನ್ನು ನಾನು ನಡೆಸಿಕೊಟ್ಟೆನೆಂದು ಹೇಳಲಾರೆ. ಆದರೆ ಆ ದಿನ ನಮ್ಮಿಬ್ಬರಲ್ಲಿ ಹೆಚ್ಚು ಒಳ್ಳೆಯ ವಿಮರ್ಶಕರು ಯಾರಾಗಿದ್ದರೆಂಬುದು ಈ ಲೇಖನ ಮುಗಿಯುವ ವೇಳೆಗೆ ವಾಚಕರಿಗೆ ತಿಳಿಯುತ್ತದೆ.

ಈ ತೋಟದ ಹುಟ್ಟಿನ ಕಥೆಯನ್ನು ವಾಲ್ಟ್ ಡಿಸ್ನಿ ಅನೇಕ ಸಲ ಹೇಳಿಕೊಂಡಿದ್ದಾನೆ. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಆತ ರಜಾದಿನಗಳಲ್ಲಿ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದನಂತೆ. ಅಲ್ಲಿ ಒಂದು ತಿರುಗುವ ಕುದುರೆಯ ಯಂತ್ರ. ಮಕ್ಕಳು ಮರದ ಕುದುರೆಗಳ ಮೇಲೆ ಕುಳಿತು ಸುತ್ತುತ್ತಿದ್ದರು. ತಂದೆ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ. ಮಕ್ಕಳೂ ದೊಡ್ಡವರೂ ಒಟ್ಟಿಗೆ ಸೇರಿ ಸಂತೋಷಪಡುವಂಥ ಜಾಗ ಒಂದಾದರೂ ಇರಬೇಡವೇ ಎಂಬ ಯೋಚನೆ ಆ ಬೆಂಚಿನ ಮೇಲೆ ಬಂದಿತಂತೆ. ಯೋಚನೆ ಬೆಳೆಯಿತು. ಕಿತ್ತಳೆಯ ತೋಟಗಳಾಗಿದ್ದ 160 ಎಕರೆ ನೆಲವನ್ನು ಕೊಂಡು, ಸುಮಾರು 1 ಕೋಟಿ 70 ಲಕ್ಷ ಡಾಲರು ಸುರಿದು, ಒಂದೇ ವರ್ಷದೊಳಗೆ ಕಟ್ಟಿ ಮುಗಿಸಿ, 1955ರ ಜುಲೈ 17ರಂದು ಬಾಗಿಲು ತೆರೆದ. ಅಂದಿನಿಂದ ಪ್ರಪಂಚದಲ್ಲಿ ಹುಟ್ಟಿರುವ ಇಂಥ ತೋಟಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿ ಇದರ ಮಕ್ಕಳು ಮೊಮ್ಮಕ್ಕಳು. ಬೆಂಗಳೂರಿನವರು ಮೈಸೂರು ರಸ್ತೆಯಲ್ಲಿ ರಜೆಯ ದಿನ ಮಕ್ಕಳನ್ನು ಕರೆದೊಯ್ಯುವ ತೋಟಕ್ಕೂ ದೂರದ ನೆಂಟಸ್ತನ ಉಂಟು.

ಆ ಬೆಂಚನ್ನು ವಾಚಕರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಮುಂದೆ ಬೇಕಾಗುತ್ತದೆ.

ಈ ತೋಟವನ್ನು ಕುರಿತು ವಿಮರ್ಶೆ ಬರೆಯುತ್ತಿರುವವರಲ್ಲಿ ನಾನು ಮೊದಲನೆಯವನೇನೂ ಅಲ್ಲ. 1958ರಲ್ಲಿ 'ನೇಷನ್' ಪತ್ರಿಕೆಯಲ್ಲಿ ಜೂಲಿಯನ್ ಹಾಲೆವಿ ಎಂಬ ಲೇಖಕ ಡಿಸ್ನಿಲ್ಯಾಂಡನ್ನೂ ಜೂಜಿನ ನಗರವಾದ ಲಾಸ್ ವೇಗಸನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದ. ಎರಡೂ ನಿಜವಾದ ಬದುಕಿಗೆ ಬದಲಾಗಿ ಮಾರುವ ಸರಕು ಎಂದ. ಕಾದಂಬರಿಕಾರ ರೇ ಬ್ರಾಡ್ಬರಿಗೆ ಇದು ಸಹಿಸಲಿಲ್ಲ. ಚಾರ್ಲ್ಸ್ ಲಾಟನ್ ಎಂಬ ಪ್ರಸಿದ್ಧ ನಟನ ಜೊತೆಯಲ್ಲಿ ತಾನು ಅಲ್ಲಿಗೆ ಹೋಗಿದ್ದುದನ್ನೂ, ಆ ಮಹಾಶಯ ಅಲ್ಲಿ ಮಗುವಿನಂತೆ ನಲಿದುದನ್ನೂ ಹೇಳಿ ಅದೇ ಪತ್ರಿಕೆಗೆ ಉತ್ತರ ಬರೆದ. ಆಮೇಲೆ ಯೂರೋಪಿನ ಪಂಡಿತರ ಸರದಿ. ಇಟಲಿಯ ಉಂಬರ್ತೋ ಎಕೋ 1975ರಲ್ಲಿ, ಅಸಲಿಗಿಂತ ಹೆಚ್ಚು ಅಸಲಿಯಾಗಲು ಹೊರಟ ನಕಲಿನ ಲೋಕಕ್ಕೆ ಇದನ್ನು ಮುಖ್ಯ ನಿದರ್ಶನವಾಗಿ ಹಿಡಿದ. ಫ್ರಾನ್ಸಿನ ಬೋದ್ರಿಯಾರ್ 1981ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೋಡೆಯ ಹೊರಗಿನ ಅಮೆರಿಕವನ್ನು ನಿಜವೆಂದು ಜನ ನಂಬಲಿ ಎಂಬುದಕ್ಕಾಗಿಯೇ ಒಳಗಿನದನ್ನು ಕಲ್ಪನೆಯೆಂದು ತೋರಿಸಲಾಗುತ್ತಿದೆ ಎಂದ. ಇವರೆಲ್ಲರ ದೃಷ್ಟಿಯಲ್ಲಿ ವಾಲ್ಟ್ ಡಿಸ್ನಿ ಒಬ್ಬ ಕಿಂದರಿಜೋಗಿ. ಹಾಡು ಊದುತ್ತ ಊರ ಮಕ್ಕಳನ್ನೆಲ್ಲ ಬೆಟ್ಟದೊಳಕ್ಕೆ ಕರೆದೊಯ್ದವನು.

ಈ ಮಾತುಗಳಲ್ಲಿ ಸತ್ಯವಿಲ್ಲವೆನ್ನಲಾರೆ. ಆದರೆ ಇವು ಸಮಾಜವನ್ನು ಕುರಿತ ವಿಮರ್ಶೆಗಳು. ನಾಟಕಶಾಲೆಯ ಯಜಮಾನಿಕೆ ಯಾರದು, ಟಿಕೆಟ್ಟಿನ ಹಣ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವುದು ಅಗತ್ಯವೇ. ಆದರೆ ಅದರಿಂದ ನಾಟಕ ಹೇಗಿತ್ತೆಂಬುದು ತಿಳಿಯುವುದಿಲ್ಲ. ನನಗೆ ಬೇಕಾಗಿದ್ದುದು ಎರಡನೆಯದು. ಬ್ರಾಡ್ಬರಿಯ ಸಂಗಾತಿ ಮಗುವಿನಂಥ ಮುದುಕನಾಗಿದ್ದ. ನನ್ನ ಸಂಗಾತಿ ಮಗುವೇ ಆಗಿದ್ದಳು. ಈ ಅನುಕೂಲವನ್ನು ಬಿಡುವುದುಂಟೆ?

ಮೊದಲು ಮೆಚ್ಚಬೇಕಾದುದನ್ನು ಮೆಚ್ಚಿಬಿಡುತ್ತೇನೆ. ತೋಟದ ಸುತ್ತ ಮಣ್ಣಿನ ಎತ್ತರವಾದ ಒಡ್ಡು ಹಾಕಿ, ಅದರ ಮೇಲೆ ಪುಟ್ಟ ರೈಲೊಂದನ್ನು ಓಡಿಸಿದ್ದಾರೆ. ಒಳಗೆ ಕಾಲಿಟ್ಟವನಿಗೆ ಹೊರಗಿನ ಊರು ಕಣ್ಣಿಗೆ ಬೀಳದಿರಲಿ ಎಂಬುದು ಒಡ್ಡಿನ ಉದ್ದೇಶ. ರೈಲು ಹಳಿಯ ಕೆಳಗಿನ ಸಣ್ಣ ಸುರಂಗದಲ್ಲಿ ನುಸುಳಿ ಹೋಗಬೇಕು. ಇಂದಿನ ದಿನವನ್ನು ಇಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದೀರಿ ಎಂಬ ಅರ್ಥದ ಫಲಕ ಅಲ್ಲಿದೆ. ನಮ್ಮ ನಾಟಕಗಳ ನಾಂದಿಗೂ, ಯಕ್ಷಗಾನದವರು ರಂಗಸ್ಥಳಕ್ಕೆ ನಾಲ್ಕು ಕಂಬ ನೆಟ್ಟು ಅಷ್ಟು ನೆಲವನ್ನು ಊರಿನಿಂದ ಬೇರೆ ಮಾಡುವುದಕ್ಕೂ ಇದೇ ಉದ್ದೇಶವಲ್ಲವೇ? ಸುರಂಗ ದಾಟಿದರೆ ಒಂದು ಹಳೆಯ ಕಾಲದ ಪೇಟೆಬೀದಿ. ಡಿಸ್ನಿ ಚಿಕ್ಕಂದಿನಲ್ಲಿ ಕೆಲವು ವರ್ಷ ಇದ್ದ ಮಿಸೌರಿ ಸಂಸ್ಥಾನದ ಮಾರ್ಸಿಲೀನ್ ಎಂಬ ಸಣ್ಣ ಊರಿನ ನೆನಪು ಅದಕ್ಕೆ ಆಧಾರವಂತೆ. ಆ ಮನೆಗಳ ಕೆಳ ಅಂತಸ್ತಿಗಿಂತ ಮೇಲಿನ ಅಂತಸ್ತುಗಳನ್ನು ಕಿರಿದಾಗಿ ಕಟ್ಟಿದ್ದಾರೆ. ಆದ್ದರಿಂದ ಕಟ್ಟಡ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ, ಆದರೂ ನೋಡುವವನನ್ನು ಅದುಮುವುದಿಲ್ಲ. ಬೀದಿಯ ಕೊನೆಯಲ್ಲಿ ನಿಂತ ಅರಮನೆ ಬರಿಯ 77 ಅಡಿ. ಮೇಲೆ ಮೇಲೆ ಹೋದಂತೆ ಕಲ್ಲುಗಳ ಅಳತೆಯನ್ನು ಕಿರಿದು ಮಾಡಿ ಅದನ್ನೂ ಆಕಾಶಕ್ಕೆ ಏರಿಸಿದ್ದಾರೆ. ಸಿನಿಮಾದವರ ಸೆಟ್ಟಿನ ವಿದ್ಯೆ ಇದು. ಪುಟ್ಟಿ ನನ್ನ ಕೈ ಬಿಟ್ಟು ಅಲ್ಲೇ ನಿಂತು, "ಅಪ್ಪಾ, ಅದು ನಾವು ಹತ್ತಿರ ಹೋದರೆ ಸಣ್ಣದಾಗತ್ತೆ, ನೋಡು" ಎಂದಳು. ಗುಟ್ಟು ಅವಳಿಗೆ ತಿಳಿದುಹೋಗಿತ್ತು. ಆದರೆ ಗುಟ್ಟು ತಿಳಿದ ಮಾತ್ರಕ್ಕೆ ಅವಳ ಸಂತೋಷ ಒಂದಿಷ್ಟೂ ಕಡಿಮೆಯಾದಂತೆ ಕಾಣಲಿಲ್ಲ. ಒಳ್ಳೆಯ ಕಲೆಗೆ ಇದೂ ಒಂದು ಲಕ್ಷಣ.

ಅರಮನೆಯ ಹಿಂದೆ ಇರುವುದು ಕಿನ್ನರಕಥೆಗಳ ವಿಭಾಗ. ನನ್ನ ವಿಮರ್ಶೆಯ ತಿರುಳು ಇರುವುದು ಇಲ್ಲಿನ ಕೆಲವು ಕತ್ತಲ ಕೋಣೆಗಳಲ್ಲಿ. ಸಣ್ಣ ಬಂಡಿಯಲ್ಲಿ ಕುಳಿತರೆ ಅದು ಹಳಿಯ ಮೇಲೆ ಕತ್ತಲೆಯೊಳಗೆ ಸಾಗುತ್ತದೆ. ತಿರುವು ತಿರುವಿನಲ್ಲಿ ಬಣ್ಣದ ಬೆಳಕಿನಲ್ಲಿ ಕಥೆಯ ದೃಶ್ಯಗಳು ಎದುರಾಗುತ್ತವೆ. ಎರಡು ಮೂರು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಡಿಸ್ನಿಯ ಮೊದಲ ಪೂರ್ಣಪ್ರಮಾಣದ ಚಿತ್ರ, 1937ರ 'ಸ್ನೋವೈಟ್ ಮತ್ತು ಏಳು ಕುಳ್ಳರು', ಹೀಗೆ ಬಂಡಿಯ ಕಥೆಯಾದ ರೀತಿಯಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. 1955ರಲ್ಲಿ ಅದನ್ನು ಕಟ್ಟಿದಾಗ ಆ ಕತ್ತಲ ಕೋಣೆಯಲ್ಲಿ ಕುಳ್ಳರಿದ್ದರು, ಕೆಟ್ಟ ರಾಣಿಯಿದ್ದಳು, ಮಾಟಗಾತಿಯಿದ್ದಳು. ಸ್ನೋವೈಟ್ ಮಾತ್ರ ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಬಂಡಿಯಲ್ಲಿ ಕುಳಿತವನೇ ಸ್ನೋವೈಟ್ ಎಂಬುದು ಕಟ್ಟಿದವರ ಕಲ್ಪನೆ. ಕಾಡಿನಲ್ಲಿ ದಿಕ್ಕೆಟ್ಟು ಓಡುವವಳು ನೀನು. ಮಾಟಗಾತಿ ವಿಷದ ಸೇಬನ್ನು ಚಾಚುವುದು ನಿನ್ನ ಮುಖದೆದುರಿಗೆ. ಹಾಗೆಯೇ ಪಕ್ಕದ ಪೀಟರ್ ಪ್ಯಾನ್ ಕಥೆಯಲ್ಲಿ ಪೀಟರ್ ಇರಲಿಲ್ಲ, ಹಾರುವವನು ನೀನೇ.

ಜನಕ್ಕೆ ಇದು ಅರ್ಥವಾಗಲಿಲ್ಲ. ಹೊರಗೆ ಬಂದವರು ಕೇಳಿದ ಪ್ರಶ್ನೆ ಒಂದೇ: ಸ್ನೋವೈಟ್ ಎಲ್ಲಿ? ಆ ಪ್ರಶ್ನೆ ವರ್ಷಗಟ್ಟಲೆ ಉಳಿಯಿತು. ಕೊನೆಗೆ 1983ರಲ್ಲಿ ಆ ವಿಭಾಗವನ್ನೆಲ್ಲ ಹೊಸದಾಗಿ ಕಟ್ಟಿದಾಗ ಸ್ನೋವೈಟಳ ಗೊಂಬೆಯನ್ನು ಒಳಗೆ ತಂದು ನಿಲ್ಲಿಸಿದರು, ಪೀಟರನನ್ನೂ ತಂದರು.

ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ಪ್ರಸಂಗ ಬಹಳ ಮುಖ್ಯವಾಗಿ ತೋರಬೇಕು. ಭಯಾನಕ ರಸ ಎಂದರೇನು? ಹುಲಿಯನ್ನು ಕಂಡು ಓಡುವವನಿಗೆ ಆಗುವುದು ಭಯ. ಅದರಲ್ಲಿ ರಸವೇನೂ ಇಲ್ಲ. ರಸವಾಗಬೇಕಾದರೆ ಆ ಭಯ 'ನನ್ನದು', 'ಅವನದು' ಎಂಬ ಕಟ್ಟಿನಿಂದ ಬಿಡಿಸಿಕೊಂಡಿರಬೇಕು. ಇದಕ್ಕೆ ಅಭಿನವಗುಪ್ತ ಕೊಡುವ ಉದಾಹರಣೆ 'ಶಾಕುಂತಲ'ದ ಮೊದಲ ಅಂಕದ ಜಿಂಕೆ. ಬೆನ್ನಟ್ಟಿ ಬರುವ ರಥವನ್ನು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತ, ಅರ್ಧ ಅಗಿದ ಹುಲ್ಲನ್ನು ದಾರಿಯುದ್ದಕ್ಕೂ ಉದುರಿಸುತ್ತ ಓಡುವ ಆ ಜಿಂಕೆಯ ಭಯವನ್ನು ನಾವು ಒಳಗೊಳಗೇ ಅನುಭವಿಸುತ್ತೇವೆ. ಆದರೆ ಕುರ್ಚಿ ಬಿಟ್ಟು ಓಡುವುದಿಲ್ಲ. ಕೇವಲ ದೂರ ನಿಂತರೆ ರಸವಿಲ್ಲ. ನಾವೇ ಜಿಂಕೆಯಾಗಿಬಿಟ್ಟರೂ ರಸವಿಲ್ಲ. ಎರಡರ ನಡುವೆ ಒಂದು ಜಾಗವಿದೆ. ಸಹೃದಯನೆಂಬುವನು ಕುಳಿತುಕೊಳ್ಳುವುದು ಅಲ್ಲಿ.

ಸ್ನೋವೈಟಳನ್ನು ತೆಗೆದುಹಾಕಿದಾಗ ಡಿಸ್ನಿಯ ಕಲಾವಿದರು ಆ ಜಾಗವನ್ನೇ ತೆಗೆದುಹಾಕಿದರು. ಜಿಂಕೆಯನ್ನು ತೋರಿಸುವ ಬದಲು ನೋಡುವವನನ್ನೇ ಜಿಂಕೆ ಮಾಡಿ ಬಾಣ ಬಿಟ್ಟರು. 'ಸ್ನೋವೈಟ್ ಎಲ್ಲಿ?' ಎಂದು ಕೇಳಿದ ಆ ಸಾಮಾನ್ಯ ಜನರಲ್ಲಿ ಎಷ್ಟು ಮಂದಿ ಅಭಿನವಗುಪ್ತನ ಹೆಸರು ಕೇಳಿದ್ದರೋ! ಆದರೆ ಅವರು ಕೊಟ್ಟ ತೀರ್ಪು ಅವನದೇ ಆಗಿತ್ತು. 'ನಮಗೆ ಹೆದರುವುದಕ್ಕೆ ಅಭ್ಯಂತರವಿಲ್ಲ. ಆದರೆ ಯಾರಿಗಾಗಿ ಹೆದರಬೇಕು, ಅವಳನ್ನು ತೋರಿಸಿ' ಎಂದು ಕೇಳಿದ್ದು ತೀರ ನ್ಯಾಯವಾದ ಬೇಡಿಕೆ.

ಈಗ ಇರುವುದು 2021ರಲ್ಲಿ ಮತ್ತೆ ತಿದ್ದಿದ ಪಾಠ. ಅದಕ್ಕೆ ಮೊದಲು ಹೆಸರಿನಲ್ಲೇ 'ಹೆದರಿಕೆಯ' ಎಂಬ ವಿಶೇಷಣವಿತ್ತು. ಅದನ್ನು ತೆಗೆದು ಮಂಗಳಕರವಾದ ಹೊಸ ಹೆಸರನ್ನೂ, ಅದಕ್ಕೆ ಒಪ್ಪುವ ಸುಖದ ಮುಕ್ತಾಯವನ್ನೂ ಕೊಟ್ಟಿದ್ದಾರೆ. ಕನ್ನಡಿಯ ಮುಂದೆ ನಿಂತ ರಾಣಿ ಥಟ್ಟನೆ ತಿರುಗಿದಾಗ ಮಾಟಗಾತಿಯ ಮುಖ ಕಾಣುವ ದೃಶ್ಯ ಮಾತ್ರ ಉಳಿದಿದೆ. ಪುಟ್ಟಿ ಆ ಕ್ಷಣದಲ್ಲಿ ನನ್ನ ಅಂಗಿಯೊಳಗೆ ಮುಖ ಹುದುಗಿಸಿದಳು. ಒಂದು ಕಣ್ಣು ಮಾತ್ರ ಹೊರಗೆ. ನನಗೆ ನಮ್ಮೂರ ಬಯಲಿನ ಯಕ್ಷಗಾನ ನೆನಪಾಯಿತು. ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷ ಅಬ್ಬರಿಸುತ್ತ ಬರುವಾಗ ಅಜ್ಜನ ಧೋತ್ರದಲ್ಲಿ ನಾನೂ ಹೀಗೆಯೇ ಒಂದು ಕಣ್ಣು ಬಿಟ್ಟುಕೊಂಡು ಅವಿತಿರುತ್ತಿದ್ದೆ. ಅದೇ ಸಂಜೆ ಚೌಕಿಯಲ್ಲಿ ಆ ರಕ್ಕಸ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತ, ನಡುವೆ ಬೀಡಿ ಸೇದುತ್ತ ಕುಳಿತಿದ್ದುದನ್ನು ನಾನು ಕಂಡಿರುತ್ತಿದ್ದೆ. ಆದರೂ ಹೆದರುತ್ತಿದ್ದೆ. ಆ ಒಂದು ಕಣ್ಣೇ ರಸದ ಜಾಗ ಎಂದು ಈಗ ತೋರುತ್ತದೆ. ಬಂಡಿ ಹೊರಗೆ ಬಂದ ಮೇಲೆ ಪುಟ್ಟಿ ಹೇಳಿದ ಮೊದಲ ಮಾತು, "ಇನ್ನೊಂದ್ಸಲ." ಹೊಸ ಪಾಠದಲ್ಲಿ ಭಯವನ್ನು ತಗ್ಗಿಸಿದುದು ಅತಿಯಾಯಿತೆಂದು ನನ್ನ ಮತ. ಮಕ್ಕಳಿಗೆ ಭಯ ಬೇಡವೆಂದು ಬಗೆಯುವವರು ಮಕ್ಕಳನ್ನು ಗಮನವಿಟ್ಟು ನೋಡಿದವರಲ್ಲ.

ಪಕ್ಕದಲ್ಲೇ ಇನ್ನೊಂದು ಕತ್ತಲ ಕೋಣೆ: 'ಟೋಡ್ ಮಹಾಶಯನ ಸವಾರಿ'. ಇದು ಕೆನೆತ್ ಗ್ರಹಾಮ್ 1908ರಲ್ಲಿ ಬರೆದ ಮಕ್ಕಳ ಕಾದಂಬರಿಯ ಕಥೆ. ಟೋಡ್ ಎಂಬುದು ಒಂದು ಶ್ರೀಮಂತ ಕಪ್ಪೆ. ಮೋಟಾರಿನ ಹುಚ್ಚು ಹಿಡಿದು ಅನಾಹುತ ಮಾಡಿಕೊಳ್ಳುತ್ತದೆ, ಸೆರೆಮನೆ ಸೇರುತ್ತದೆ, ತಪ್ಪಿಸಿಕೊಳ್ಳುತ್ತದೆ, ಗೆಳೆಯರ ದಯದಿಂದ ಮನೆ ಮರಳಿ ಪಡೆದು ತಕ್ಕಮಟ್ಟಿಗೆ ಬುದ್ಧಿ ಕಲಿಯುತ್ತದೆ. ತೋಟದಲ್ಲಿ ಮಾತ್ರ 1955ರಿಂದ ಈವರೆಗೂ ಬಂಡಿಯಲ್ಲಿ ಕುಳಿತವನೇ ಟೋಡ್. ಮೋಟಾರು ಮನೆಯ ಗೋಡೆ ಒಡೆದುಕೊಂಡು ಬೀದಿಗಿಳಿಯುತ್ತದೆ, ನ್ಯಾಯಸ್ಥಾನಕ್ಕೆ ನುಗ್ಗುತ್ತದೆ. ನ್ಯಾಯಾಧೀಶ ಅಪರಾಧಿಯೆಂದು ತೀರ್ಪು ಕೊಡುತ್ತಾನೆ. ಆಮೇಲೆ ರೈಲಿನ ಸುರಂಗ, ಎದುರಿನಿಂದ ಬರುವ ದೀಪ, ಡಿಕ್ಕಿ. ಮರುಕ್ಷಣ ಕೆಂಪು ಬೆಳಕಿನ ನರಕ, ಕುಣಿಯುವ ಕಿರುದೆವ್ವಗಳು. ಅಲ್ಲಿಗೆ ಕಥೆ ಸಮಾಪ್ತಿ. ಮೂಲ ಪುಸ್ತಕದಲ್ಲಿ ಈ ನರಕವಿಲ್ಲ. ಇದು ತೋಟದವರ ಕೊಡುಗೆ.

ಬಹಳ ಜನಕ್ಕೆ ಇದೆಲ್ಲ ತಮಾಷೆ. ನಮ್ಮ ಹಿಂದಿನ ಬಂಡಿಯ ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ನಗುತ್ತಿದ್ದೆ. ಆಗ ಪುಟ್ಟಿ ನನ್ನ ತೋಳು ಹಿಡಿದು ಮೆಲ್ಲನೆ, "ಅಪ್ಪಾ, ನಾವೇನು ತಪ್ಪು ಮಾಡಿದ್ವಿ?" ಎಂದಳು.

ನನ್ನ ನಗು ನಿಂತಿತು. ಇಂಥ ಪ್ರಶ್ನೆಗೆ ತಂದೆಯಾದವನು 'ಇದೆಲ್ಲ ಸುಳ್ಳು ಪುಟ್ಟೀ' ಎಂದು ಹೇಳಿ ನುಣುಚಿಕೊಳ್ಳಬಹುದು. ಸುಳ್ಳೆಂಬುದು ಅವಳಿಗೆ ನನ್ನಷ್ಟೇ ಗೊತ್ತಿತ್ತು; ಅರಮನೆಯ ಕಲ್ಲಿನ ಗುಟ್ಟನ್ನು ನನಗೆ ಹೇಳಿಕೊಟ್ಟವಳು ಅವಳೇ. ಅವಳು ಕೇಳಿದ್ದು ಬೇರೆ. ಬಂಡಿಯ ಮುಂದಿನ ಚಕ್ರವನ್ನು ಅವಳು ಆಸೆಯಿಂದ ಹಿಡಿದು ತಿರುಗಿಸಿದ್ದಳು. ಚಕ್ರ ಸುಮ್ಮನೆ ಇಟ್ಟದ್ದು. ಬಂಡಿ ಹೋಗುವುದು ಹಳಿಯ ಮೇಲೆ. ಅವಳು ಎಡಕ್ಕೆ ತಿರುಗಿಸಿದರೂ ಅದೇ ಗೋಡೆ, ಬಲಕ್ಕೆ ತಿರುಗಿಸಿದರೂ ಅದೇ ನರಕ. ಸ್ವಾತಂತ್ರ್ಯವಿಲ್ಲದ ಕಡೆ ಅಪರಾಧ ಹೊರಿಸಿ ಶಿಕ್ಷೆ ಕೊಟ್ಟರೆ ಏಳು ವರ್ಷದ ಮಗುವಿಗೂ ಅದು ಅನ್ಯಾಯವೆಂದು ತಿಳಿಯುತ್ತದೆ. ಕ್ಷೇಮೇಂದ್ರನ ಶಬ್ದದಲ್ಲಿ ಹೇಳುವುದಾದರೆ ಇಲ್ಲಿ ಔಚಿತ್ಯಕ್ಕೆ ಭಂಗ ಬಂದಿದೆ. ಪುಸ್ತಕ ಓದುವವನು ಟೋಡನ ಪಕ್ಕದಲ್ಲಿ ನಡೆಯುತ್ತಾನೆ; ಅದು ಜಂಬ ಕೊಚ್ಚಿದಾಗ ನಗುತ್ತಾನೆ, ಬಿದ್ದಾಗ ಅಯ್ಯೋ ಎನ್ನುತ್ತಾನೆ. ಬಂಡಿಯಲ್ಲಿ ಕುಳಿತವನಿಗೆ ನಗಲೂ ಟೋಡ್ ಇಲ್ಲ, ಮರುಗಲೂ ಟೋಡ್ ಇಲ್ಲ. ಸ್ನೋವೈಟಳಿಗೆ 1983ರಲ್ಲಿ ದೊರೆತ ನ್ಯಾಯ ಈ ಬಡ ಕಪ್ಪೆಗೆ ಇನ್ನೂ ದೊರೆತಿಲ್ಲ.

ಹಾಗಾದರೆ ನೋಡುವವನನ್ನೇ ನಾಯಕನನ್ನಾಗಿ ಮಾಡುವ ಪ್ರಯೋಗ ಎಲ್ಲಿಯೂ ಗೆದ್ದಿಲ್ಲವೆ? ಗೆದ್ದಿದೆ, ಪೀಟರ್ ಪ್ಯಾನ್ ಕಥೆಯಲ್ಲಿ. ಅಲ್ಲಿನ ಬಂಡಿ ಒಂದು ಪುಟ್ಟ ಹಡಗು. ಹಳಿ ತಲೆಯ ಮೇಲಿದೆ, ಹಡಗು ಅದಕ್ಕೆ ಜೋತುಬಿದ್ದಿದೆ. ಮಕ್ಕಳ ಮಲಗುವ ಕೋಣೆಯ ಕಿಟಕಿಯಿಂದ ಹೊರಬಿದ್ದು ರಾತ್ರಿಯ ಲಂಡನ್ ನಗರದ ಮೇಲೆ ತೇಲುತ್ತೇವೆ. ಕೆಳಗೆ ಸಾಸಿವೆಯಂಥ ದೀಪಗಳು, ಹರಿದಾಡುವ ಗಾಡಿಗಳ ಸಣ್ಣ ಬೆಳಕುಗಳು. ಪುಟ್ಟಿ ಒಂದು ಮಾತನ್ನೂ ಆಡಲಿಲ್ಲ. ನನಗೂ ಆಡುವುದಕ್ಕೆ ಏನೂ ಇರಲಿಲ್ಲ. ಇಲ್ಲಿ ಪ್ರಯೋಗ ಫಲಿಸಿದುದಕ್ಕೆ ಕಾರಣ ಸ್ಪಷ್ಟವಾಗಿದೆ: ಎತ್ತರದಿಂದ ಕೆಳಗೆ ನೋಡುವವನು ಆ ಕ್ಷಣಕ್ಕೆ ಪ್ರೇಕ್ಷಕನೇ ಆಗಿರುತ್ತಾನೆ. ಹಾರುವುದೂ ನೋಡುವುದೂ ಒಂದೇ ಕೆಲಸವಾದ್ದರಿಂದ ನಾಯಕನೂ ಸಹೃದಯನೂ ಜಗಳವಿಲ್ಲದೆ ಒಂದೇ ಸೀಟಿನಲ್ಲಿ ಕುಳಿತುಕೊಳ್ಳಬಹುದು. ಈ ಎರಡು ಮೂರು ನಿಮಿಷವನ್ನು ನಾನು ನಿಸ್ಸಂಕೋಚವಾಗಿ ಕಾವ್ಯವೆಂದು ಕರೆಯುತ್ತೇನೆ.

ಬಹು ಪ್ರಸಿದ್ಧವಾದ 'ಪುಟ್ಟ ಪ್ರಪಂಚ'ದ ವಿಷಯದಲ್ಲಿ ಅಷ್ಟು ಉದಾರವಾಗಿ ಹೇಳಲಾರೆ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಯುನಿಸೆಫ್ ಸಂಸ್ಥೆಗೆ ಗೌರವವಾಗಿ ರಚಿಸಿದ್ದು ಇದು. 1966ರಲ್ಲಿ ಆನಾಹೈಮಿಗೆ ತಂದರು. ಬಣ್ಣದ ಕಲ್ಪನೆ ಮೇರಿ ಬ್ಲೇರ್ ಎಂಬ ಕಲಾವಿದೆಯದು; ಆ ಬಣ್ಣಗಳನ್ನು ಎಷ್ಟು ಹೊಗಳಿದರೂ ಸಾಲದು. ದೋಣಿಯಲ್ಲಿ ಕುಳಿತು ದೇಶ ದೇಶದ ಮಕ್ಕಳ ಗೊಂಬೆಗಳ ನಡುವೆ ಸಾಗುತ್ತೇವೆ. ಎಲ್ಲರೂ ಒಂದೇ ಹಾಡನ್ನು ಹಾಡುತ್ತಾರೆ. ತಾಜಮಹಲು ಕಂಡೊಡನೆ ಪುಟ್ಟಿ "ನಮ್ದು!" ಎಂದು ಕೂಗಿದಳು, ಅವಳು ತಾಜಮಹಲನ್ನು ಈವರೆಗೆ ನೋಡಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಎಲ್ಲರ ಮುಖಾನೂ ಒಂದೇ ಅಲ್ವಾ?" ಎಂದಳು. ನಿಜ, ಬಣ್ಣ ಬೇರೆ, ಉಡುಪು ಬೇರೆ, ಮುಖದ ಅಚ್ಚು ಒಂದೇ. ಮನುಷ್ಯರೆಲ್ಲ ಒಂದು ಎಂಬುದು ದೊಡ್ಡ ಮಾತು. ಆದರೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಒಂದು ಎನ್ನುವುದು ಸುಲಭ. ಬೇರೆ ಬೇರೆ ಮುಖವಿಟ್ಟುಕೊಂಡು ಒಂದಾಗುವುದೇ ಕಷ್ಟ. 1961ರ ನವೆಂಬರಿನಲ್ಲಿ ಜವಾಹರಲಾಲ್ ನೆಹರೂ ಮಗಳು ಇಂದಿರೆಯೊಡನೆ ಈ ತೋಟಕ್ಕೆ ಬಂದಿದ್ದರು. ಡಿಸ್ನಿಯೇ ಜೊತೆಯಲ್ಲಿದ್ದು ತೋರಿಸಿದ. ಆಗ ಈ ಗೊಂಬೆಗಳು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ, ನಾನಾ ಮುಖಗಳ ನಾಡೊಂದನ್ನು ಒಂದಾಗಿ ಹಿಡಿಯಲು ಹೆಣಗುತ್ತಿದ್ದ ಆ ತಂದೆಗೆ ಏನನ್ನಿಸುತ್ತಿತ್ತೋ!

ಮಧ್ಯಾಹ್ನ ಪುಳಿಯೋಗರೆ ಮುಗಿದ ಮೇಲೆ ಅರಮನೆಯ ಹಿಂದಿನ ತಿರುಗುವ ಕುದುರೆಗಳ ಬಳಿಗೆ ಬಂದೆವು. ಇದು ಡಿಸ್ನಿ ಹೊಸದಾಗಿ ಮಾಡಿಸಿದ್ದಲ್ಲ. 1922ರಲ್ಲಿ ತಯಾರಾಗಿ ಕೆನಡದ ಟೊರಾಂಟೊ ನಗರದ ತೋಟವೊಂದರಲ್ಲಿ ಇದ್ದುದನ್ನು ಕೊಂಡು ತಂದದ್ದು. ಈಗ ಎಲ್ಲವೂ ಬಿಳಿಯ ಕುದುರೆಗಳು. ಇಲ್ಲಿ ಕಥೆಯಿಲ್ಲ, ಮಾಟಗಾತಿಯಿಲ್ಲ, ನರಕವಿಲ್ಲ. ಬರಿಯ ಸುತ್ತು. ಏಳು ತುಂಬದ ಮಕ್ಕಳ ಜೊತೆಯಲ್ಲಿ ದೊಡ್ಡವರು ಇರಬೇಕೆಂಬುದು ಈ ತೋಟದ ನಿಯಮ. ಪುಟ್ಟಿಗೆ ಹಿಂದಿನ ತಿಂಗಳಷ್ಟೇ ಏಳು ತುಂಬಿತ್ತು. ನಾನು ಅಭ್ಯಾಸಬಲದಿಂದ ಅವಳ ಜೊತೆಗೇ ಹೊರಟೆ.

"ಬೇಡ ಅಪ್ಪಾ," ಎಂದಳು. "ನೀನು ಇಲ್ಲೇ ನಿಂತ್ಕೊಂಡು ನೋಡು."

"ಯಾಕೆ ಪುಟ್ಟಿ? ನಾನೂ ಒಂದು ಕುದುರೆ ಹತ್ತಬಾರದಾ?"

"ನೀನೂ ಹತ್ತಿದ್ರೆ ನನ್ನ ಯಾರು ನೋಡ್ತಾರೆ?"

ಇದಕ್ಕೆ ಎದುರು ಹೇಳುವಂಥ ಶಾಸ್ತ್ರ ನನ್ನ ಬಳಿ ಇರಲಿಲ್ಲ. ಕಟಕಟೆಯ ಹೊರಗೆ ನಿಂತೆ. ಸಂಗೀತ ಮೊದಲಾಯಿತು, ಕುದುರೆಗಳು ಏರುತ್ತ ಇಳಿಯುತ್ತ ಹೊರಟವು. ಅವಳು ನನ್ನ ಮುಂದೆ ಹಾದುಹೋದಳು, ಕೈ ಬೀಸಿದಳು, ಆ ಕಡೆಗೆ ಮರೆಯಾದಳು. ಅವಳು ಕಣ್ಣಿಗೆ ಬೀಳದ ಆ ಅರ್ಧ ಸುತ್ತು ನನಗೆ ಉದ್ದವೆನಿಸಿತು. ಮತ್ತೆ ಬಂದಳು, ಬರುವ ಮೊದಲೇ ಅವಳ ಕಣ್ಣು ನಾನಿದ್ದ ಜಾಗವನ್ನು ಹುಡುಕುತ್ತಿತ್ತು, ಕಂಡೊಡನೆ ಮುಖ ಅರಳಿತು. ಮೂರನೆಯ ಸುತ್ತಿಗೆ ಒಂದು ಕೈ ಬಿಟ್ಟಿದ್ದಳು. ಮುಂದಿನ ಸುತ್ತಿನಲ್ಲಿ ಪಕ್ಕದ ಕುದುರೆಯ ಹುಡುಗಿಯೊಡನೆ ಏನೋ ಮಾತು. ನನ್ನ ಕಡೆಗೆ ನೋಡಲೇ ಇಲ್ಲ. ಅದರ ಮರುಸುತ್ತಿನಲ್ಲಿ ನೆನಪಾಗಿ ಎರಡು ಸಲ ಕೈ ಬೀಸಿದಳು. ವಾಚಕರಲ್ಲಿ ತಂದೆತಾಯಿಯರಾದವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ನಿಂತಾಗ ಗ್ರಿಫಿತ್ ಪಾರ್ಕಿನ ಬೆಂಚು ನನ್ನ ನೆನಪಿಗೆ ಬಂದಿತು. ವಾಲ್ಟ್ ಡಿಸ್ನಿ ದೊಡ್ಡ ಕಲಾವಿದ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಬೆಂಚಿನ ಮೇಲೆ ಕುಳಿತಿದ್ದಾಗ ತಾನು ಏನೂ ಮಾಡುತ್ತಿಲ್ಲವೆಂದು ಅವನಿಗೆ ತೋರಿತು. ತಂದೆಗೂ ಒಂದು ಕುದುರೆ ಕೊಡಬೇಕು, ಅವನನ್ನೂ ಕಥೆಯೊಳಕ್ಕೆ ಎಳೆದುಕೊಳ್ಳಬೇಕು ಎಂಬ ಹಂಬಲದಿಂದ ಈ ತೋಟವನ್ನೇ ಕಟ್ಟಿದ. ಸ್ನೋವೈಟಳನ್ನು ತೆಗೆದು ಆ ಜಾಗದಲ್ಲಿ ನಮ್ಮನ್ನು ಕೂರಿಸಿದ್ದೂ ಅದೇ ಹಂಬಲದ ಮುಂದುವರಿಕೆ. ಯಾರೂ ಹೊರಗೆ ನಿಂತು ನೋಡುವವರಾಗಿ ಉಳಿಯಬಾರದು ಎಂಬುದು ಅವನ ತತ್ತ್ವ. ಅದು ಉದಾರವಾದ ತತ್ತ್ವ. ಆದರೆ ಅದರಲ್ಲಿ ಒಂದು ತಪ್ಪು ಲೆಕ್ಕವಿದೆ. ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ ಆ ತಂದೆಯೇ ಆ ಆಟದ ಸಹೃದಯ. ಅವನು ಅಲ್ಲಿದ್ದುದರಿಂದ ಆ ಇಬ್ಬರು ಹುಡುಗಿಯರಿಗೆ ಸುತ್ತು ಆಟವಾಯಿತು. ಪ್ರತಿ ಸುತ್ತಿಗೂ ಮರಳಿ ಬಂದು ತೋರಿಸಿಕೊಳ್ಳುವುದಕ್ಕೆ ಒಬ್ಬನಿದ್ದ. ನೋಡುವುದೂ ಒಂದು ಕೆಲಸವೇ. ಅದನ್ನು ಚೆನ್ನಾಗಿ ಮಾಡುವವರು ಎಲ್ಲ ಕಾಲದಲ್ಲಿಯೂ ಕಡಿಮೆ.

ಇದರಿಂದ ಡಿಸ್ನಿಲ್ಯಾಂಡು ಸೋತಿತೆಂದು ನಾನು ಹೇಳುತ್ತಿಲ್ಲ. ತನ್ನ ತತ್ತ್ವವನ್ನು ಸ್ವಲ್ಪ ಮರೆತಾಗಲೆಲ್ಲ ಅದು ಗೆದ್ದಿದೆ. ಅರಮನೆಯ ಎತ್ತರ, ಪೀಟರನ ರಾತ್ರಿ, ಬಿಳಿಯ ಕುದುರೆಗಳು - ಇವು ನೋಡುವವನಿಗೆ ಅವನ ಜಾಗವನ್ನು ಬಿಟ್ಟುಕೊಟ್ಟಿವೆ. ಮಕ್ಕಳನ್ನು ಕರೆದುಕೊಂಡು ಇಂಥ ಯಾವುದೇ ತೋಟಕ್ಕೆ ಹೋಗುವವರಿಗೆ ನನ್ನದೊಂದು ಸಲಹೆ: ಎಲ್ಲ ಬಂಡಿಯನ್ನೂ ಹತ್ತಬೇಕೆಂಬ ಹಟ ಬೇಡ. ಒಂದೆರಡು ಕಡೆ ಹೊರಗೆ ನಿಂತಿರಿ. ನಿಂತಾಗ ಕೈಯಲ್ಲಿರುವ ಫೋನಿನ ಕಡೆ ನೋಡದೆ ಮಗುವಿನ ಕಡೆ ನೋಡಿರಿ.

ರಾತ್ರಿ ಅಕ್ಕನ ಮನೆಯಲ್ಲಿ ಊಟ. ಪುಟ್ಟಿ ಅತ್ತೆಯ ಮುಂದೆ ಕುಳಿತು ದಿನದ ವರದಿ ಒಪ್ಪಿಸುತ್ತಿದ್ದಳು. ಟೋಡನ ಪ್ರಸಂಗ ಬಂದಾಗ ನಾನು ಕಿವಿಗೊಟ್ಟೆ. "ಅತ್ತೆ, ಅಲ್ಲೊಂದು ಕಪ್ಪೆ ಇತ್ತು. ಅದಕ್ಕೆ ಕಾರು ಓಡಿಸೋಕೆ ಬರಲ್ಲ, ಆದ್ರೂ ಓಡಿಸ್ತು. ಎಲ್ಲರ ಮನೇನೂ ಒಡೆದು ಹಾಕ್ತು. ಆಮೇಲೆ ಅದನ್ನ ನರಕಕ್ಕೆ ಕಳಿಸಿಬಿಟ್ರು. ಪಾಪ."

"ನೀವೆಲ್ಲಿದ್ರಿ ಆಗ?" ಎಂದಳು ಅಕ್ಕ.

"ನಾವು ಹಿಂದಿನ ಬಂಡೀಲಿ ಕೂತು ನೋಡ್ತಿದ್ವಿ," ಎಂದು ಪುಟ್ಟಿ ಅನ್ನಕ್ಕೆ ಮೊಸರು ಕಲಸಿಕೊಂಡಳು.